ಛಾಯಾಚಿತ್ರ: ಬಿ. ಅರುಣಕುಮಾರ್

ಮೊಣಕೈಗೆ ಚುಚ್ಚಿದ ಕಡ್ಡಿಯನ್ನು ಅರುಣಕುಮಾರ್ ಕೀಳಲಿಲ್ಲ. ಕಿತ್ತರೆ ಕೈ ಅಲುಗುತ್ತಿತ್ತು. ಕೈ ಅಲುಗಿದರೆ ಜೇಡ ಕಳೆದುಹೋಗುತ್ತಿತ್ತು.

ಅದು ಮಲ್ಲಿಗೆಯಷ್ಟೇ ಬಿಳಿ. ಅರಳಿದ ಹೂವಿನ ಮೇಲೆ ಮುಂದಿನ ನಾಲ್ಕು ಕಾಲು ಅಗಲಿಸಿ, ಯಾರನ್ನೋ ಅಪ್ಪಿಕೊಳ್ಳಲು ಕಾದವರಂತೆ ಕೂತಿತ್ತು. ಬಲೆ ನೇಯುವ ಜಾತಿಯಲ್ಲ. ಹೂವಾಗಿ ಕೂರುವುದೇ ಅದರ ಬೇಟೆ. ಬರಿಗಣ್ಣಿಗೆ ಎಸಳಿನ ಮಡಿಕೆಯಂತೆ ಕಾಣುವ ಅದು, ಹಿಂದುಮುಂದು ತಿರುವಿ ಹಾಕಿದ ಲೆನ್ಸಿನಲ್ಲಿ ಮಾತ್ರ ಎಂಟು ಕಣ್ಣಿನ ಪ್ರಾಣಿಯಾಗುತ್ತಿತ್ತು.

ಕ್ಯಾಮೆರಾ ಅವನು ಧಾರವಾಡದಲ್ಲಿ ಕೀಟಶಾಸ್ತ್ರ ಓದುವಾಗ ಕೊಂಡದ್ದು, ಆಗಲೇ ಹಳೆಯದು. ಲೆನ್ಸನ್ನು ತಿರುವಿ ಕೂಡಿಸಲು ಬೇಕಾದ ಹಿತ್ತಾಳೆಯ ಉಂಗುರವನ್ನು ಕೊಟ್ಟೂರಿನ ಲೇತ್ ಅಂಗಡಿಯ ರಾಮಣ್ಣ ಮಾಡಿಕೊಟ್ಟಿದ್ದ. ಯಾವ ಪಂಪಿನದು ಇದು ಎಂದು ರಾಮಣ್ಣ ಕೇಳಿದಾಗ, ಪಂಪಿನದಲ್ಲವೆಂದು ವಿವರಿಸಲು ಬೇಸರವಾಗಿ, ಕೈಪಂಪಿನದು ಎಂದಿದ್ದ. ಊರಿನಲ್ಲಿ ಅವನು ಹೇಳುವ ಸುಳ್ಳುಗಳೆಲ್ಲ ಇಷ್ಟೇ ಗಾತ್ರದವು.

"ಇನ್ನೂ ಆಗಲಿಲ್ಲೇನ್ರಿ ಸಾವ್ಕಾರ್ರ?"

ಬೆನ್ನ ಹಿಂದೆ ಮಲ್ಲಿಗೆ ತೋಟದ ಒಡತಿ ಸುಂಕಮ್ಮ ನಿಂತಿದ್ದಳು. ಗಂಡ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದಾಗ ಕೊಂಡ ಅರ್ಧ ಎಕರೆ ಅದು. ಗಂಡ ಹೋದ ಮೇಲೆ ಅವಳೂ ಅವಳ ಮಗ ಹುಲುಗೇಶನೂ ನೋಡಿಕೊಳ್ಳುತ್ತಿದ್ದರು. ನಸುಕಿನಲ್ಲೇ ಮೊಗ್ಗು ಬಿಡಿಸಿ, ಬುಟ್ಟಿಗಳನ್ನು ದಾವಣಗೆರೆ ಬಸ್ಸಿಗೆ ಹತ್ತಿಸಿ ಬಂದಿದ್ದಳು. ಕೈ ತಪ್ಪಿ ಉಳಿದು ಅರಳಿದ ಹೂವುಗಳಷ್ಟೇ ಅರುಣನ ಪಾಲು.

ಅವನು ಶಟರ್ ಒತ್ತಿದ. ಬೆಳಕು ಮೆತ್ತಗಾಗಲೆಂದು ಹಾಲಿನ ಪಾಕೀಟು ಸುತ್ತಿದ ಫ್ಲ್ಯಾಶು ಮಿಂಚಿತು. ಜೇಡ ಒಂದು ಕಾಲನ್ನು ಕೂದಲೆಳೆಯಷ್ಟು ಕೆಳಗಿಳಿಸಿತು.

"ಮೊಗ್ಗಿನ ಹುಳ ಈ ಸಲ ಬಾಳ ಅದಾವ್ರಿ," ಎಂದಳು ಸುಂಕಮ್ಮ. "ಅರ್ಧಕ್ಕರ್ಧ ಕೆಂಪಾಗಿ ಬೀಳಾಕತ್ಯಾವ. ಹುಲುಗೇಶ ಎಣ್ಣಿ ಹೊಡೀತೀನಿ ಅಂತಾನ."

"ಹೊಡಿಯೋದು ಬ್ಯಾಡ."

"ಹ್ವಾದ ವರ್ಷನೂ ಹಂಗ ಅಂದ್ರಿ."

"ಹ್ವಾದ ವರ್ಷ ಏನಾತು?"

"ಏನೂ ಆಗಲಿಲ್ಲ ಬಿಡ್ರಿ."

ಕೆಡುಕಾಗಲಿಲ್ಲ ಎಂದಳೋ, ಒಳ್ಳೆಯದಾಗಲಿಲ್ಲ ಎಂದಳೋ, ಅವನು ಕೇಳಲಿಲ್ಲ. ಎದ್ದು ಎದೆಯ ಮೇಲಿನ ಮಣ್ಣು ಝಾಡಿಸಿಕೊಂಡು, ಮೊಗ್ಗಿನ ಹುಳದ ಮೊಟ್ಟೆ ಇಡುವ ಚಿಟ್ಟೆಯನ್ನು ಈ ಜೇಡವೇ ಹಿಡಿದು ತಿನ್ನುತ್ತದೆಂದು ಮೂರನೆಯ ಸಲವೋ ನಾಲ್ಕನೆಯ ಸಲವೋ ಹೇಳಿದ. ಎಣ್ಣೆ ಹೊಡೆದರೆ ಮೊದಲು ಸಾಯುವುದು ಇದು ಎಂದ. ಸುಂಕಮ್ಮ ಹೂವಿನ ಹತ್ತಿರ ಬಾಗಿ ನೋಡಿದಳು. ಅವಳಿಗೆ ಏನೂ ಕಾಣಲಿಲ್ಲ. ಆದರೂ ತಲೆಯಾಡಿಸಿದಳು. ತನ್ನ ತೋಟಕ್ಕೆ ಬಂದು ಒಂದು ಹೂವನ್ನೂ ಕೀಳದೆ ಹೋಗುವ ಮನುಷ್ಯನ ಮಾತನ್ನು ಪೂರ್ತಿ ತಳ್ಳಿಹಾಕುವುದು ಅವಳಿಂದಾಗುತ್ತಿರಲಿಲ್ಲ.

ಸ್ಕೂಟರಿನ ಕಿಕ್ ಹೊಡೆಯುವಾಗ ಅವನಿಗೆ ತಾನೊಂದು ಕೋಟೆ ಕಾದಂತೆ ಎನಿಸಿತು. ಅರ್ಧ ಎಕರೆಯ ಕೋಟೆ.

ಎಣ್ಣೆ ಹೊಡೆಯಬೇಡಿ ಎಂದವನು ಎಣ್ಣೆ ಅಂಗಡಿಯವನು. ಹಡಗಲಿ ಬಜಾರಿನ ತಿರುವಿನಲ್ಲಿ, ಅವನ ತಂದೆ ಬೆನಕಪ್ಪನವರು ಮೂವತ್ತು ವರ್ಷದ ಹಿಂದೆ ತೆರೆದ ಬೀಜ, ಗೊಬ್ಬರ, ಕ್ರಿಮಿನಾಶಕದ ಅಂಗಡಿ. ರೈತರ ಬಾಯಲ್ಲಿ ಕ್ರಿಮಿನಾಶಕವೆಂದರೆ ಎಣ್ಣೆ. ಹತ್ತಿಗೊಂದು, ಶೇಂಗಾಕ್ಕೊಂದು, ಮಲ್ಲಿಗೆಗೊಂದು. ಸಂಶೋಧನೆ ಅರ್ಧಕ್ಕೆ ಬಿಟ್ಟು ಬಂದಾಗ ಅರುಣ ಇಲ್ಲಿ ಕೂತದ್ದು ಒಂದು ತಿಂಗಳ ಮಟ್ಟಿಗೆ. ಆ ತಿಂಗಳಿಗೆ ಈಗ ಹನ್ನೊಂದು ವರ್ಷ. ಬೆಳಗಿನ ಎರಡು ತಾಸು ತನ್ನವು, ಉಳಿದದ್ದು ಅಂಗಡಿಯದು ಎಂದು ದಿನವನ್ನು ಕತ್ತರಿಸಿಕೊಂಡಿದ್ದ. ಕತ್ತರಿಸಿದ ಎರಡು ತುಂಡುಗಳು ಒಂದನ್ನೊಂದು ನೋಡದಂತೆ ಎಚ್ಚರ ವಹಿಸಿದ್ದ.

ಹತ್ತು ಗಂಟೆಗೆ ಅಂಗಡಿಗೆ ಬಂದಾಗ ಎದುರು ಗೋಡೆಯಲ್ಲಿ ಜೇಡ ಕೂತಿತ್ತು.

ಮನುಷ್ಯನ ತಲೆಯಷ್ಟು ದೊಡ್ಡದು. ಬಿಳಿಯ ಮೈ, ಅಗಲಿಸಿದ ಕಾಲು, ನೀರಿನಂತೆ ಹೊಳೆಯುವ ಕಣ್ಣುಗಳು. ಅದರ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಕೆಂಪು ಕತ್ತರಿ ಗುರುತು. ಮೇಲೆ ದಪ್ಪ ಅಕ್ಷರದಲ್ಲಿ 'ಶತ್ರು'. ಕೆಳಗೆ ಕಂಪನಿಯ ಹೊಸ ಸೀಸೆಯ ಚಿತ್ರ. ಎಲ್ಲಕ್ಕಿಂತ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ: ಛಾಯಾಚಿತ್ರ: ಬಿ. ಅರುಣಕುಮಾರ್.

ಹೆಸರಿನಲ್ಲಿ ಒಂದು ತಪ್ಪೂ ಇರಲಿಲ್ಲ.

"ಬರ್ರಿ ಸರ್, ನಿಮ್ಮ ದಾರೀನ ಕಾಯಾಕತ್ತಿದ್ದೆ," ಎಂದು ಕೊಟ್ರಸ್ವಾಮಿ ಎದ್ದು ನಿಂತ. ಕಂಪನಿಯ ಪ್ರತಿನಿಧಿ, ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಐದು ತಾಲೂಕುಗಳ ಅಂಗಡಿಗಳನ್ನು ಬೈಕಿನಲ್ಲಿ ಸುತ್ತುವವನು. ಪೋಸ್ಟರನ್ನು ಬೆಳಿಗ್ಗೆ ಅವನೂ ಬೆನಕಪ್ಪನವರೂ ಸೇರಿ ಅಂಟಿಸಿದ್ದರು. ಬೆನಕಪ್ಪನವರು ಕುರ್ಚಿಯಲ್ಲಿ ಕೂತು, ಬಂದವರಿಗೆಲ್ಲ ಆ ಕೊನೆಯ ಸಾಲನ್ನು ಬೆರಳಿಟ್ಟು ತೋರಿಸುತ್ತಿದ್ದರು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಮಗನ ಹುಚ್ಚಿಗೆ ಅವರಿಗೊಂದು ಅರ್ಥ ಸಿಕ್ಕಿತ್ತು.

ಫೋಟೋ ಹೋದ ವರ್ಷದ್ದು, ತೊಂಬತ್ತೇಳರ ಜೂನಿನದು. ಸುಂಕಮ್ಮನ ತೋಟದಲ್ಲೇ ತೆಗೆದದ್ದು. ಅಂಥದ್ದು ಅದಕ್ಕೆ ಮುಂಚೆ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಪ್ರಿಂಟು ಅಂಗಡಿಯ ಮೇಜಿನ ಮೇಲಿದ್ದಾಗ ಕೊಟ್ರಸ್ವಾಮಿ ಎತ್ತಿಕೊಂಡು, ಬೆಳಕಿಗೆ ಹಿಡಿದು, ಒಂದು ನಿಮಿಷ ಸುಮ್ಮನೆ ನೋಡಿದ್ದ. ಬೇರೆ ಯಾರೂ ಅಷ್ಟು ಹೊತ್ತು ನೋಡಿರಲಿಲ್ಲ. ನೆಗೆಟಿವ್ ಕೊಡುತ್ತೀರಾ ಎಂದ. ಯಾತಕ್ಕೆ ಎಂದು ಅರುಣ ಕೇಳಲಿಲ್ಲ. ಹೆಸರು ಹಾಕಬೇಕು ಎಂದಷ್ಟೇ ಹೇಳಿದ. ಹಾಗೆ ಹೇಳಿದ್ದಕ್ಕೆ ಆಗಲೇ ಸಣ್ಣಗೆ ನಾಚಿಕೆಯೂ ಆಗಿತ್ತು.

ಅವನು ಪೋಸ್ಟರಿನ ಹತ್ತಿರ ಹೋಗಿ ನಿಂತ. ಎಡಗಡೆ ಅಂಚಿನಲ್ಲಿ ಜೇಡದ ಬಾಯಿ ಅರ್ಧಕ್ಕೆ ಕಡಿದುಹೋಗಿತ್ತು.

"ಇಲ್ಲೊಂದು ಚಿಟ್ಟಿ ಇತ್ತು," ಎಂದ.

"ಹೌದಾ ಸರ್?"

"ಬಿಳಿ ರೆಕ್ಕಿ ಮ್ಯಾಲ ಕಪ್ಪು ಗೆರಿ. ಮೊಗ್ಗಿನ ಹುಳದ ಚಿಟ್ಟಿ ಅದು. ನಿಮ್ಮ ಶತ್ರು ಇದರ ಬಾಯಾಗ ಇತ್ತು. ಅದನ್ನ ಕತ್ತರಿಸಿ ಒಗದೀರಿ."

ಕೊಟ್ರಸ್ವಾಮಿ ಗೋಡೆಯನ್ನೂ ಅವನನ್ನೂ ನೋಡಿದ. ಕೆಟ್ಟ ಮನುಷ್ಯನಲ್ಲ. ಅವನ ಮುಖದಲ್ಲಿ ನಿಜವಾದ ಗೊಂದಲವಿತ್ತು. ಪೋಸ್ಟರು ಮಾಡುವವರು ಹೈದರಾಬಾದಿನಲ್ಲಿ ಕೂತವರು, ಅವರಿಗೆ ಹುಳದ ಕುಲಗೋತ್ರ ಗೊತ್ತಿಲ್ಲ ಎಂದ. ಚಿಟ್ಟೆ ಸಣ್ಣದಾಗಿತ್ತು, ದೂರದಿಂದ ಕಾಣುತ್ತಿರಲಿಲ್ಲ ಎಂದ. ಆಮೇಲೆ ದನಿ ತಗ್ಗಿಸಿ, "ಖರೆ ಹುಳದ ಫೋಟೋ ಹಾಕಿದ್ರ ಯಾರೂ ಅಂಜಂಗಿಲ್ಲ ಸರ್. ಅಕ್ಕಿಕಾಳಿನಂಗ ಐತಿ. ಇದಕ್ಕ ನೋಡ್ರಿ, ಮುಖ ಐತಿ," ಎಂದ.

ಎಷ್ಟು ಅಚ್ಚು ಹಾಕಿದ್ದೀರಿ ಎಂದು ಅರುಣ ಕೇಳಿದ. ಎರಡು ಸಾವಿರ. ಐದೂ ತಾಲೂಕುಗಳಲ್ಲಿ ನಿನ್ನೆಯೇ ಹಂಚಿ ಮುಗಿದಿತ್ತು.

ಇದನ್ನು ಕಿತ್ತುಹಾಕುತ್ತೇನೆ ಎಂದು ಅವನು ತಂದೆಯ ಕಡೆ ತಿರುಗಿ ಹೇಳಿದ. ಬೆನಕಪ್ಪನವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. "ನಿನ್ನ ಹೆಸರಿದ್ದದ್ದು," ಎಂದರು. "ನನ್ನ ಗ್ವಾಡಿ ಮ್ಯಾಲ ನಿನ್ನ ಹೆಸರು. ಹೆಂಗ ಕೀಳ್ತಿ?"

ಅವನ ಕೈ ಪೋಸ್ಟರಿನ ಮೂಲೆಯವರೆಗೆ ಹೋಯಿತು. ಅಂಟು ಇನ್ನೂ ಹಸಿಯಿತ್ತು. ಬೆರಳಿಗೆ ಮೆತ್ತಿಕೊಂಡಿತು. ಅಷ್ಟರಲ್ಲಿ ಗಿರಾಕಿ ಬಂದರು.

ಹನ್ನೆರಡರ ಹೊತ್ತಿಗೆ ಬಂದವನು ಹುಲುಗೇಶ. ಮೂವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಬಾಗಿಲಲ್ಲೇ ನಿಂತು ಗೋಡೆಯನ್ನು ನೋಡುತ್ತಲೇ ಇದ್ದ. ಅವನು ಪಿಯುಸಿವರೆಗೆ ಓದಿದವನು, ಕೊನೆಯ ಸಾಲನ್ನೂ ಓದಿದ.

"ಇದು ನಮ್ಮ ತ್ವಾಟದಾಗ ಐತಲ್ರಿ."

"ಹೌದು."

"ಮುಂಜಾನಿ ನಮ್ಮವ್ವಗ ಇದು ಒಳ್ಳೇದು ಅಂದ್ರಂತ."

"ಒಳ್ಳೇದು."

"ಇಲ್ಲಿ ಶತ್ರು ಅಂತ ಬರದೈತಿ."

"ಅದು ಸುಳ್ಳು."

"ಫೋಟೋ ಯಾರದ್ರಿ?"

"ನಂದು."

"ಅಂಗಡಿ?"

ಹುಲುಗೇಶ ವ್ಯಂಗ್ಯ ಮಾಡುತ್ತಿದ್ದಾನೋ ಎಂದು ಅರುಣ ಅವನ ಮುಖ ನೋಡಿದ. ಅಲ್ಲಿ ವ್ಯಂಗ್ಯವಿರಲಿಲ್ಲ. ಲೆಕ್ಕ ಹೊಂದದೆ ಮತ್ತೆ ಮೊದಲಿನಿಂದ ಕೂಡಿಸುತ್ತಿರುವವನ ತಾಳ್ಮೆ ಮಾತ್ರ ಇತ್ತು. ಹೋದ ವರ್ಷ ನಿಮ್ಮ ಮಾತು ಕೇಳಿ ಹೊಡೆಯಲಿಲ್ಲ, ಪಕ್ಕದ ತೋಟದ ಓಬಣ್ಣ ಹೊಡೆದ, ಅವನ ಬುಟ್ಟಿ ತುಂಬಿತು, ನಮ್ಮದು ತುಂಬಲಿಲ್ಲ ಎಂದು ಹುಲುಗೇಶ ಮೆಲ್ಲಗೆ ಹೇಳಿದ. ಅವ್ವನಿಗೆ ನಿಮ್ಮ ಮೇಲೆ ನಂಬಿಕೆ, ಅದಕ್ಕೇ ಅವಳು ಈ ಮಾತು ಹೇಳಲಿಲ್ಲ ಎಂದ. ಆಮೇಲೆ ಪೋಸ್ಟರಿನ ಕೆಳಗಿನ ಸೀಸೆಯ ಚಿತ್ರಕ್ಕೆ ಬೆರಳು ತೋರಿಸಿದ.

"ನಾ ಕೊಡೂದಿಲ್ಲ," ಎಂದ ಅರುಣ.

ಅಂಗಡಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳು ತಿರುಗಿ ನೋಡಿದರು. ಮಾತು ತನಗೇ ಗಟ್ಟಿಯಾಗಿ ಕೇಳಿಸಿ ಅವನ ಎದೆ ಬಿಸಿಯಾಯಿತು. ಹನ್ನೊಂದು ವರ್ಷದಿಂದ ಈ ಒಂದು ವಾಕ್ಯಕ್ಕಾಗಿಯೇ ಅಲ್ಲಿ ಕೂತಿದ್ದೆನೇನೋ ಎನಿಸಿತು. ಸೀಸೆಯ ಮೇಲಿನ ಚೀಟಿಯಲ್ಲಿ ಬರೆದಿದೆ, ಹೊಡೆದ ಮೇಲೆ ಏಳು ದಿನ ಹೂವು ಬಿಡಿಸಬಾರದು, ನೀವು ನಾಳೆಯೇ ಬಿಡಿಸುತ್ತೀರಿ, ಅದನ್ನು ಹೆಣ್ಣುಮಕ್ಕಳು ಮುಡಿಯುತ್ತಾರೆ ಎಂದು ಒಂದೇ ಸಮನೆ ಹೇಳಿದ.

ಹುಲುಗೇಶ ಕೇಳಿಸಿಕೊಂಡ. "ಏಳು ದಿನ ತಡೀರಿ ಅಂದ್ರ ಮೊಗ್ಗು ಕೇಳ್ತಾವೇನ್ರಿ?" ಎಂದ.

"ನಾ ಕೊಡೂದಿಲ್ಲ."

"ನೀ ಕೊಡಬ್ಯಾಡ," ಎಂದು ಬೆನಕಪ್ಪನವರು ಕುರ್ಚಿಯಿಂದ ಎದ್ದರು. "ನಾ ಕೊಡ್ತೀನಿ." ಸಿಟ್ಟಿರಲಿಲ್ಲ. ಜಗಳವಾಡುವ ಮಕ್ಕಳ ನಡುವಿನಿಂದ ತಟ್ಟೆ ಎತ್ತಿಟ್ಟಂತೆ, ಮಗನ ಪಕ್ಕದಿಂದಲೇ ಕೈ ಚಾಚಿ ಸೀಸೆ ತೆಗೆದು, ಹಳೆಯ ಪೇಪರಿನಲ್ಲಿ ಸುತ್ತಿ ಹುಲುಗೇಶನ ಕೈಗಿಟ್ಟರು. ಎಷ್ಟು ನೀರಿಗೆ ಎಷ್ಟು ಎಂಬುದನ್ನೂ ಹೇಳಿಕೊಟ್ಟರು. ಹುಲುಗೇಶ ಹೋಗುವಾಗ ಅರುಣನಿಗೆ ಕೈ ಮುಗಿದ.

ಆ ಕೈ ಮುಗಿದದ್ದು ಮಧ್ಯಾಹ್ನ ಊಟದವರೆಗೂ ಅವನನ್ನು ಬಿಡಲಿಲ್ಲ.

ಮನೆಯಲ್ಲಿ ಹೆಂಡತಿ ಗೀತಾಂಜಲಿ ಬಡಿಸಿ ಎದುರು ಕೂತಳು. ಪೋಸ್ಟರಿನ ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ಚೆನ್ನಾಗಿ ಬಂದಿದೆಯಂತೆ ಎಂದಳು. ಅವನು ಹೂಂ ಎಂದ. ಹೆಸರೂ ಹಾಕಿದ್ದಾರಂತೆ. ಹೂಂ.

ಅವಳ ಫೋಟೋವನ್ನು ಅವನು ಒಂದೇ ಒಂದು ಸಲ ತೆಗೆದಿದ್ದ, ಮದುವೆಯಾದ ವರ್ಷ, ಇದೇ ತಿರುವಿದ ಲೆನ್ಸಿನಲ್ಲಿ. ಬರೀ ಕಣ್ಣಿನ ರೆಪ್ಪೆ. ಕೂದಲುಗಳು ಕಬ್ಬಿನ ಗದ್ದೆಯಂತೆ ನಿಂತಿದ್ದವು, ಬುಡದಲ್ಲಿ ಕಾಡಿಗೆಯ ಕಪ್ಪು ಹೆಂಟೆಗಳು. ತನ್ನ ಮಟ್ಟಿಗೆ ಅದು ಪ್ರೀತಿಯ ಕೆಲಸ. ಹೊಸಪೇಟೆಯ ಲ್ಯಾಬಿನಿಂದ ಪ್ರಿಂಟು ಬಂದ ದಿನ ಅವಳ ಕೈಗೆ ಕೊಟ್ಟ. ಅವಳು ಬಹಳ ಹೊತ್ತು ನೋಡಿ, "ಇದು ಯಾವ ಹುಳದ್ದು?" ಎಂದಿದ್ದಳು. ಅವನು ಹೇಳಲಿಲ್ಲ. ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿದ್ದೂ ಕೇಳಿದಳೋ ಎಂಬ ಅನುಮಾನ ಈಚೆಗೆ ಅವನಿಗೆ ಬರತೊಡಗಿತ್ತು.

"ಹುಲುಗೇಶಗ ಕೊಡೂದಿಲ್ಲ ಅಂದ್ರಂತ," ಎಂದಳು.

"ಯಾರು ಹೇಳಿದ್ರು?"

"ಯಾರರ ಹೇಳ್ತಾರ." ಸ್ವಲ್ಪ ತಡೆದು, "ಒಂದು ಮಾತು. ಮಾರೋದು ಬಿಡ್ರಿ. ಇಲ್ಲಾ ಫೋಟೋ ತೆಗೆಯೋದು ಬಿಡ್ರಿ," ಎಂದಳು.

"ಎರಡೂ ಬಿಡೂದಿಲ್ಲ."

ಹೇಳುವಾಗ ಅದು ಸವಾಲಿನಂತಿತ್ತು. ಹೇಳಿಯಾದ ಮೇಲೆ ರೊಟ್ಟಿ ಮುರಿಯುವ ಸದ್ದಿನಲ್ಲಿ ಅದು ಎರಡನ್ನೂ ಬಿಡಲಾಗದವನ ಮಾತಾಯಿತು. ಗೀತಾಂಜಲಿ ಮಜ್ಜಿಗೆ ಬಡಿಸಿದಳು. ಅವಳು ವಾದಿಸಿದ್ದರೆ ಒಳ್ಳೆಯದಿತ್ತು. ಈ ಮನೆಯಲ್ಲಿ, ಈ ಊರಿನಲ್ಲಿ, ಯಾರೂ ಅವನಿಗೆ ಎದುರು ನಿಲ್ಲುತ್ತಿರಲಿಲ್ಲ. ಪಕ್ಕದಿಂದ ಕೈ ಚಾಚಿ ಕೆಲಸ ಮುಗಿಸುತ್ತಿದ್ದರು.

ನಾಲ್ಕರ ಹೊತ್ತಿಗೆ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಅವನು ಸ್ಟೂಲು ಹತ್ತಿ, ಬ್ಲೇಡಿನಿಂದ ಪೋಸ್ಟರಿನ ಮೇಲಿನ 'ಶತ್ರು' ಎಂಬ ಎರಡು ಅಕ್ಷರಗಳನ್ನು ಕೆರೆದ. ಮೂಟೆಗಳಿಗೆ ಗುರುತು ಹಾಕುವ ಕಪ್ಪು ಪೆನ್ನಿನಿಂದ ಆ ಜಾಗದಲ್ಲಿ ದಪ್ಪಗೆ 'ಮಿತ್ರ' ಎಂದು ಬರೆದ. ಕೆಂಪು ಕತ್ತರಿ ಗುರುತನ್ನು ಏನು ಮಾಡಲೂ ಆಗಲಿಲ್ಲ. ಕೆರೆದರೆ ಜೇಡವೂ ಹರಿಯುತ್ತಿತ್ತು. ಕೆಳಗಿಳಿದು ದೂರದಿಂದ ನೋಡಿದ. ಎರಡು ಸಾವಿರದಲ್ಲಿ ಒಂದಾದರೂ ನಿಜ ಹೇಳುತ್ತಿದೆ ಎಂದುಕೊಂಡ. ಬೆನಕಪ್ಪನವರು ಕುರ್ಚಿಯಲ್ಲಿ ತೂಕಡಿಸುತ್ತಿದ್ದರು.

ಮಾಗಳದ ಮೈಲಪ್ಪ ಎಂಬ ರೈತ ಬಂದ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, ಗೋಡೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದ. ಮುಖ ಅರಳಿತು.

"ಅದರಾಗ ಒಂದು ಕೊಡ್ರಿ," ಎಂದ.

"ಯಾವುದ್ರಾಗ?"

"ಮಿತ್ರ." ಮೈಲಪ್ಪ ಸೀಸೆಯ ಚಿತ್ರ ತೋರಿಸಿದ. "ಹೊಸಾದು ಬಂದೈತಿ ಅಂತ ಕೇಳಿದ್ದೆ. ಹೆಸರು ಚಲೋ ಇಟ್ಟಾರ."

ಬೆನಕಪ್ಪನವರು ಕಣ್ಣು ಬಿಟ್ಟು ಗೋಡೆ ನೋಡಿದರು, ಮಗನನ್ನು ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು. ಎದ್ದು ಇನ್ನೊಂದು ಸೀಸೆಯನ್ನು ಪೇಪರಿನಲ್ಲಿ ಸುತ್ತತೊಡಗಿದರು.

ಅರುಣ ಕ್ಯಾಮೆರಾದ ಚೀಲ ಹೆಗಲಿಗೆ ಹಾಕಿಕೊಂಡು ಹೊರಬಿದ್ದ. ಸಂಜೆಯ ಹೊತ್ತು ಅವನು ತೋಟದ ಕಡೆ ಹೋದವನೇ ಅಲ್ಲ. ಬಜಾರಿನವರು ತಿರುಗಿ ನೋಡಿದರು. ಎಲ್ಲಿಗೆ ಎಂದು ಯಾರಾದರೂ ಕೇಳಿದ್ದರೆ ಅವನ ಬಳಿ ಉತ್ತರವಿರಲಿಲ್ಲ. ಆದರೆ ಸ್ಕೂಟರು ಓಡಿಸುವ ಕೈಗಳು ಗಟ್ಟಿಯಾಗಿದ್ದವು.

ಎಣ್ಣೆಯ ವಾಸನೆ ದಾರಿಯಲ್ಲೇ ಬಂತು. ಅಂಗಡಿಯಲ್ಲಿ ದಿನವೂ ಕುಡಿಯುವ ಗಾಳಿಯೇ ಅದು. ಮಲ್ಲಿಗೆಯ ನಡುವೆ ಅದಕ್ಕೆ ಬೇರೆ ಹೆಸರು ಕೊಡಬೇಕೆನಿಸಿತು, ಸಿಗಲಿಲ್ಲ.

ಹುಲುಗೇಶ ಬೆನ್ನಿಗೆ ಪಂಪಿನ ಡಬ್ಬಿ ಕಟ್ಟಿಕೊಂಡು, ಮೂಗುಬಾಯಿಗೆ ಟವೆಲು ಬಿಗಿದುಕೊಂಡು, ಆಚೆ ಬದುವಿನ ಕಡೆಯಿಂದ ಸಾಲು ಹಿಡಿದು ಬರುತ್ತಿದ್ದ. ಎಡಗೈ ಹಿಡಿಕೆಯನ್ನು ಮೇಲೆ ಕೆಳಗೆ ಮಾಡುತ್ತಿತ್ತು, ಬಲಗೈಯ ಕೊಳವೆಯ ತುದಿಯಿಂದ ಬಿಳಿಯ ಧೂಳಿನಂತೆ ಎಣ್ಣೆ ಹರಡುತ್ತಿತ್ತು. ಐದು ಸಾಲು ಮುಗಿದಿದ್ದವು. ಸುಂಕಮ್ಮ ನೀರಿನ ಕೊಡದ ಪಕ್ಕ ನಿಂತಿದ್ದಳು. ಅರುಣನನ್ನು ನೋಡಿ ಸೆರಗು ಸರಿಪಡಿಸಿಕೊಂಡಳು.

"ನಾ ಬ್ಯಾಡ ಅಂದಿದ್ದೆನ್ರಿ," ಎಂದಳು. "ನಿಮ್ಮ ಅಪ್ಪಾರ ಕೊಟ್ಟಾರ ಅಂದ."

ಅವನು ಆರನೆಯ ಸಾಲಿಗೆ ಹೋಗಿ, ಎರಡು ಗಿಡಗಳ ನಡುವೆ ಹೊಟ್ಟೆಯ ಮೇಲೆ ಮಲಗಿದ. ಕ್ಯಾಮೆರಾ ತೆಗೆದು ಕಣ್ಣಿಗೆ ಹಚ್ಚಿದ. ಅಲ್ಲಿ ಜೇಡವಿದೆಯೋ ಇಲ್ಲವೋ ಎಂದು ಅವನು ನೋಡಿರಲಿಲ್ಲ.

ಹುಲುಗೇಶ ಸಾಲಿನ ತುದಿಯಲ್ಲಿ ನಿಂತ. ಏಳಬೇಕು, ಗಾಳಿ ಈ ಕಡೆಗೇ ಇದೆ ಎಂದ. ಅರುಣ ಏಳಲಿಲ್ಲ. ಸುಂಕಮ್ಮ ಹತ್ತಿರ ಬಂದು, ಮೈಮೇಲೆ ಬೀಳುತ್ತದೆ, ಇದೇನು ಹುಡುಗಾಟಿಕೆ ಎಂದು ಬೇಡಿಕೊಂಡಳು.

"ಹೊಡೀಲಿ," ಎಂದ ಅರುಣ. "ನಾ ಏಳೂದಿಲ್ಲ."

"ಸಾವ್ಕಾರ್ರ."

"ಇದು ನನ್ನ ಹ್ವತ್ತು." ಬೆಳಗಿನ ಹೊತ್ತಲ್ಲವೆಂದು ಹೇಳುತ್ತಿದ್ದಂತೆಯೇ ಅವನಿಗೆ ಹೊಳೆಯಿತು. ತಿದ್ದಲಿಲ್ಲ.

ಹುಲುಗೇಶ ಟವೆಲನ್ನು ಗದ್ದಕ್ಕೆ ಇಳಿಸಿದ. ಅವನ ದನಿಯಲ್ಲಿ ಈಗಲೂ ಸಿಟ್ಟಿರಲಿಲ್ಲ. "ನಿಮ್ಮ ಅಂಗಡಿದಾ ಐತ್ರಿ. ಮಾರೂ ಮುಂದ ತಡಿಯಾಕ ಆಗದಿದ್ದದ್ದು, ಇಲ್ಲಿ ಮಲಗಿದ ಕೂಡ್ಲೆ ಆಕ್ಕತೇನು?"

ಇಡೀ ದಿನದಲ್ಲಿ ಯಾರೋ ಒಬ್ಬರು ಕೊನೆಗೂ ಎದುರು ನಿಂತಿದ್ದರು. ಇದಕ್ಕಾಗಿ ಕಾದಿದ್ದೆ ಎನಿಸಿ ಅರುಣನಿಗೆ ಒಂದು ಕ್ಷಣ ಗೆಲುವೇ ಆಯಿತು.

"ಹೊಡಿ," ಎಂದ.

ಸುಂಕಮ್ಮ ಮಗನ ತೋಳು ಹಿಡಿದುಕೊಂಡಳು. ಹುಲುಗೇಶ ಉಳಿದ ಸಾಲುಗಳ ಕಡೆ ನೋಡಿದ. ಹೊತ್ತು ಇಳಿಯುತ್ತಿತ್ತು, ಕತ್ತಲಾಗುವ ಮುಂಚೆ ಇನ್ನೂ ಒಂಬತ್ತು ಸಾಲು ಆಗಬೇಕಿತ್ತು. ಅವನು ಮೆಲ್ಲಗೆ ತಾಯಿಯ ಕೈ ಬಿಡಿಸಿಕೊಂಡು, ಟವೆಲನ್ನು ಮತ್ತೆ ಮೂಗಿಗೇರಿಸಿದ. ಹಿಡಿಕೆ ಕಿರ್ರೆಂದಿತು.

ಮೊದಲು ಸದ್ದು ಬಂತು, ಆಮೇಲೆ ತಂಪು. ಮುಂಗೈಯ ಕೂದಲ ಮೇಲೆ ಸಣ್ಣ ಸಣ್ಣ ಮಣಿಗಳು ಕೂತವು. ಅವನು ಕಣ್ಣು ಕೀಳಲಿಲ್ಲ. ಕ್ಯಾಮೆರಾದೊಳಗೆ ಎಲ್ಲ ಬಿಳಿಯಾಗಿ ಕಲಸಿಕೊಂಡಿತ್ತು. ಅವನು ಒಂದೆಳೆ ಮುಂದೆ, ಒಂದೆಳೆ ಹಿಂದೆ ಸರಿದ. ಬಿಳಿಯೊಳಗಿಂದ ಮೆಲ್ಲಗೆ ಒಂದು ಎಸಳಿನ ಅಂಚು ಎದ್ದು ಬಂತು. ಅಂಚಿನಿಂದ ಒಂದು ಹನಿ ಜೋತಿತ್ತು.

ಹನಿಯೊಳಗೆ ತೋಟವಿತ್ತು. ಆಕಾಶ ಕೆಳಗೆ, ನೆಲ ಮೇಲೆ. ಅಷ್ಟೂ ಸಾಲುಗಳು ನೂಲಿನಂತೆ ಬಾಗಿ ಅದರಲ್ಲಿ ಹಿಡಿಸಿದ್ದವು. ನಡುವೆ ತಲೆಕೆಳಗಾಗಿ ಒಂದು ಸಣ್ಣ ಕಪ್ಪು ಆಕೃತಿ: ಗೂನುಬೆನ್ನು, ಮುಖವಿಲ್ಲ, ಬಾಯಿಯ ಜಾಗದಿಂದ ಹೊರಟಂತೆ ಉದ್ದನೆಯ ಕೊಳವೆ. ಅದರ ಪಕ್ಕ ಸೊಂಟಕ್ಕೆ ಕೈಯಿಟ್ಟು ನಿಂತ ಇನ್ನೊಂದು, ಅದಕ್ಕಿಂತ ಸಣ್ಣದು. ಎಲ್ಲವೂ ಕೊರೆದಿಟ್ಟಂತೆ ಸ್ಪಷ್ಟ. ಇಷ್ಟು ಸ್ಪಷ್ಟವಾದದ್ದನ್ನು ಈ ಲೆನ್ಸು ಅವನಿಗೆ ಯಾವತ್ತೂ ತೋರಿಸಿರಲಿಲ್ಲ.

ಅವನು ಅದರಲ್ಲಿ ತನ್ನನ್ನು ಹುಡುಕಿದ. ನೆಲವಿದ್ದ ಕಡೆ ನೋಡಿದ, ಆಕಾಶವಿದ್ದ ಕಡೆ ನೋಡಿದ. ಮಲಗಿದವನು ಅಲ್ಲೆಲ್ಲೂ ಇರಲಿಲ್ಲ.

ಪಂಪಿನ ಸದ್ದು ಹತ್ತಿರವಾಗುತ್ತಿತ್ತು. ಒಂದೊಂದು ಬೀಸಿಗೂ ಹನಿ ತುಸು ದಪ್ಪವಾಗುತ್ತಿತ್ತು, ಅದರೊಳಗಿನ ಮುಖವಿಲ್ಲದ ಆಕೃತಿಯೂ ದೊಡ್ಡದಾಗುತ್ತಿತ್ತು. ಅರುಣಕುಮಾರ್ ಬೆರಳನ್ನು ಶಟರಿನ ಮೇಲಿಟ್ಟ. ಹನಿ ಉದ್ದಕ್ಕೆ ಎಳೆದುಕೊಂಡು, ಎಸಳನ್ನು ತನ್ನ ಜೊತೆ ಬಾಗಿಸಿ, ಇನ್ನೂ ಬೀಳದೆ ನಿಂತಿತ್ತು.